ಮನೆ ನಿರ್ಮಾಣ ಗುತ್ತಿಗೆ ಕರಾರು: ಮಾಲೀಕರು ಹಾಗೂ ಗುತ್ತಿಗೆದಾರರಿಗೆ ಮಾಹಿತಿ

ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಸುವವರು ಮೇಸ್ತ್ರಿ ಅಥವಾ ಗುತ್ತಿಗೆದಾರರೊಂದಿಗೆ ಬಾಯಿಮಾತಿನಲ್ಲಿಯೇ ದರ ಗೊತ್ತುಪಡಿಸಿ ಕೆಲಸ ಆರಂಭಿಸುವುದು ವಾಡಿಕೆಯಲ್ಲಿದೆ. ಭಾರತೀಯ ಕರಾರು ಅಧಿನಿಯಮ, 1872 ರ ಮೇರೆಗೆ ಮೌಖಿಕ ಕರಾರು ಸಹ ಸಿಂಧುವಾಗಬಹುದು. ಆದರೆ ವಿವಾದ ಉಂಟಾದಲ್ಲಿ ಅದರ ಷರತ್ತುಗಳನ್ನು ರುಜುವಾತುಪಡಿಸುವುದು ಕಷ್ಟಸಾಧ್ಯ. ಆದುದರಿಂದ ಲಿಖಿತ ಕರಾರು ಉಭಯ ಪಕ್ಷಕಾರರಿಗೂ ಕ್ಷೇಮಕರ.

ಕರಾರಿನಲ್ಲಿ ಇರಬೇಕಾದ ಅಂಶಗಳು

1. ಗುತ್ತಿಗೆಯ ಸ್ವರೂಪ: ಕೂಲಿ ಮಾತ್ರವೇ ಅಥವಾ ಸಾಮಗ್ರಿ ಸಹಿತವೇ ಎಂಬುದು. ಸಾಮಗ್ರಿ ಸಹಿತವಾದಲ್ಲಿ ಸಿಮೆಂಟ್, ಕಬ್ಬಿಣ, ಮರ ಇತ್ಯಾದಿಗಳ ದರ್ಜೆಯನ್ನು ನಮೂದಿಸುವುದು.

2. ಅಳತೆ: ದರವನ್ನು ಚದರಕ್ಕೆ (100 ಚದರಡಿ) ನಿಗದಿಪಡಿಸಿದಲ್ಲಿ ಮೆಟ್ಟಿಲು, ಬಾಲ್ಕನಿ, ಸಂಪು ಹಾಗೂ ಕಾಂಪೌಂಡ್ ಗೋಡೆ ಅದರಲ್ಲಿ ಸೇರಿವೆಯೇ ಎಂಬುದನ್ನು ಸ್ಪಷ್ಟಪಡಿಸುವುದು. ಮಂಜೂರಾದ ನಕ್ಷೆಯ ಪ್ರತಿಯನ್ನು ಲಗತ್ತಿಸಿ ಉಭಯತರೂ ಸಹಿ ಮಾಡುವುದು.

3. ಪಾವತಿ: ತಳಪಾಯ, ಲಿಂಟಲ್, ತಾರಸಿ, ಗಾರೆ ಹಾಗೂ ಅಂತಿಮ ಹಂತಗಳಿಗನುಸಾರವಾಗಿ ಹಣ ಸಂದಾಯ ಮಾಡುವುದು, ಪ್ರತಿ ಪಾವತಿಗೂ ರಸೀದಿ ಪಡೆಯುವುದು.

4. ಹೆಚ್ಚುವರಿ ಕೆಲಸ: ಬದಲಾವಣೆ ಮತ್ತು ಅದರ ದರವನ್ನು ಆಯಾ ಕೆಲಸಕ್ಕೆ ಮುನ್ನವೇ ಬರೆದು ಸಹಿ ಮಾಡುವುದು.

5. ಅವಧಿ: ವಿಳಂಬಕ್ಕೆ ಕರಾರಿನಲ್ಲಿ ಮೊತ್ತ ನಮೂದಿಸಿದ್ದರೂ, ಸದರಿ ಅಧಿನಿಯಮದ 74 ನೇ ಪ್ರಕರಣದ ಮೇರೆಗೆ ಆ ಮೊತ್ತವನ್ನು ಮೀರದ ಸಮಂಜಸ ಪರಿಹಾರ ಮಾತ್ರ ದೊರೆಯತಕ್ಕದ್ದು.

6. ದೋಷ ಹೊಣೆ: ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016 ರಲ್ಲಿನ 5 ವರ್ಷಗಳ ದೋಷ ಹೊಣೆಯು ಮಾರಾಟಕ್ಕಾಗಿ ನಿರ್ಮಿಸುವ ಪ್ರವರ್ತಕರಿಗೆ ಸಂಬಂಧಿಸಿದ್ದು. ಮಾಲೀಕರ ನಿವೇಶನದಲ್ಲಿ ಅವರ ವಾಸಕ್ಕೆಂದು ಮನೆ ಕಟ್ಟಿಕೊಡುವ ಗುತ್ತಿಗೆದಾರರಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ಸೋರಿಕೆ, ಬಿರುಕು ಮುಂತಾದವುಗಳನ್ನು ಸರಿಪಡಿಸಿಕೊಡುವ ಅವಧಿಯನ್ನು ಕರಾರಿನಲ್ಲಿಯೇ ಬರೆಯುವುದು ಅತ್ಯಗತ್ಯ.

7. ಕಾರ್ಮಿಕರ ಸುರಕ್ಷತೆ: ಅಪಘಾತ ವಿಮೆಯನ್ನು ಯಾರು ಮಾಡಿಸತಕ್ಕದ್ದು ಎಂಬುದು.

ಮುದ್ರಾಂಕ ಶುಲ್ಕ

ಕರ್ನಾಟಕ ಮುದ್ರಾಂಕ ಅಧಿನಿಯಮ, 1957 ರ ಮೇರೆಗೆ ತಕ್ಕ ಶುಲ್ಕ ಸಂದಾಯವಾಗದ ದಸ್ತಾವೇಜನ್ನು, ಕೊರತೆ ಶುಲ್ಕ ಹಾಗೂ ದಂಡ ಪಾವತಿಸುವವರೆಗೆ, ಸಾಕ್ಷ್ಯವಾಗಿ ಸ್ವೀಕರಿಸಲಾಗುವುದಿಲ್ಲ. ಕರಾರನ್ನು ಎರಡು ಪ್ರತಿಗಳಲ್ಲಿ ಸಿದ್ಧಪಡಿಸಿ, ಸಾಕ್ಷಿಗಳ ಸಹಿಯೊಂದಿಗೆ ಉಭಯತರೂ ಒಂದೊಂದನ್ನು ಇಟ್ಟುಕೊಳ್ಳುವುದು.

ವಿವಾದ ಉಂಟಾದಲ್ಲಿ

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ರಲ್ಲಿ ಗೃಹ ನಿರ್ಮಾಣವು ‘ಸೇವೆ’ಯ ವ್ಯಾಪ್ತಿಗೆ ಸೇರಿದೆ. ಸೇವಾ ನ್ಯೂನತೆಗೆ ಒಳಗಾದ ಮಾಲೀಕರು, ವ್ಯಾಜ್ಯ ಕಾರಣ ಉಂಟಾದ ದಿನಾಂಕದಿಂದ 2 ವರ್ಷಗಳೊಳಗೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಬಾಕಿ ಹಣ ಬರಬೇಕಾದ ಗುತ್ತಿಗೆದಾರರು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಕೆಲಸದ ಮೊಬಲಗಿನ ಪಾವತಿಗೆ ಬೇರೆ ದಿನಾಂಕ ಗೊತ್ತುಪಡಿಸಿರದಿದ್ದಲ್ಲಿ, ಕಾಲಮಿತಿ ಅಧಿನಿಯಮ, 1963 ರ ಮೇರೆಗೆ ಕೆಲಸ ಮಾಡಿದಂದಿನಿಂದ 3 ವರ್ಷಗಳ ಅವಧಿಯಿರುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರು ಮತ್ತು ಇತರ ಅರ್ಹರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಬಹುದು.

ಸೂಚನೆ: ಇದು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾದ ಸಾಮಾನ್ಯ ಮಾಹಿತಿ. ನಿರ್ದಿಷ್ಟ ಪ್ರಕರಣಗಳಲ್ಲಿ ವಕೀಲರ ಸಲಹೆ ಪಡೆಯಲು ಕೋರಿದೆ.