ಎಸ್ಸೆನ್‌ಗೆ ಹೋಗಿ ನೋಡಿದ ಕೆಜಿಎಫ್

ಹೋದ ವರ್ಷ ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಜರ್ಮನಿಯಲ್ಲಿದ್ದೆ. ಒಂದು ಭಾನುವಾರ ಟೀಮಿನ ಗೆಳೆಯನೊಬ್ಬ "ಬಾ, ಆಧುನಿಕ ವಾಸ್ತುಶಿಲ್ಪ ಅಂದ್ರೆ ಏನು ಅಂತ ತೋರಿಸ್ತೀನಿ" ಅಂತ ಎಸ್ಸೆನ್ ಎಂಬ ಊರಿಗೆ ಎಳೆದುಕೊಂಡು ಹೋದ. ಟ್ರಾಮಿನಿಂದ ಇಳಿದು ತಲೆ ಎತ್ತಿದರೆ 55 ಮೀಟರ್ ಎತ್ತರದ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ದೊಡ್ಡ ದೊಡ್ಡ ರಾಟೆಗಳು!

"ಇದಾ? ಇದು ನಮ್ಮೂರ ಹತ್ರಾನೂ ಇದೆ ಕಣೋ" ಅಂದೆ. ಅವನು ನಂಬಲಿಲ್ಲ.

ನಮ್ಮೂರು ಬಂಗಾರಪೇಟೆ. (ಹೌದು, ಪಾನಿಪುರಿಯ ಬಂಗಾರಪೇಟೆಯೇ. ಅಲ್ಲಿನ ಪಾನಿಗೆ ಬಣ್ಣ ಯಾಕಿಲ್ಲ ಅಂತ ಮಾತ್ರ ಕೇಳಬೇಡಿ.) ಹೆಸರು ಕೇಳಿದವರು ಇಲ್ಲಿ ಬಂಗಾರ ಸಿಗ್ತಿತ್ತು ಅಂದುಕೊಳ್ತಾರೆ. ನಿಜ ಏನಂದರೆ ಇದು ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ. ಬಂಗಾರ ಇದ್ದದ್ದು ಪಕ್ಕದ ಕೋಲಾರ ಗೋಲ್ಡ್ ಫೀಲ್ಡ್ಸ್‌ನಲ್ಲಿ. 1894ರಲ್ಲಿ ಇಲ್ಲಿಂದ ಮಾರಿಕುಪ್ಪಂಗೆ ರೈಲು ಹಾಕಿದ್ದೇ ಗಣಿಗಳಿಗೋಸ್ಕರ. ನಮ್ಮ ತಾತ ಅದೇ ರೈಲು ಹತ್ತಿ ಚಾಂಪಿಯನ್ ರೀಫ್ ಗಣಿಗೆ ಕೆಲಸಕ್ಕೆ ಹೋಗ್ತಿದ್ದರು.

ಎಸ್ಸೆನ್‌ನಲ್ಲಿ ನಾನು ನೋಡಿದ ಜಾಗದ ಹೆಸರು ತ್ಸೋಲ್‌ಫರಾಯ್ನ್, ಕಲ್ಲಿದ್ದಲ ಗಣಿ. ಅದರ 12ನೇ ಶಾಫ್ಟಿನ ಕಟ್ಟಡಗಳನ್ನು ವಿನ್ಯಾಸ ಮಾಡಿದವರು ಶುಪ್ ಮತ್ತು ಕ್ರೆಮ್ಮರ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು. 1932ರಲ್ಲಿ ಶುರುವಾದ ಆ ಶಾಫ್ಟು 1986ರ ಡಿಸೆಂಬರ್‌ನಲ್ಲಿ ಮುಚ್ಚಿತು. ಆಮೇಲಿನದ್ದೇ ಮಜಾ. ಬಾಯ್ಲರ್ ಕಟ್ಟಡವನ್ನು ನಾರ್ಮನ್ ಫಾಸ್ಟರ್ ಡಿಸೈನ್ ಮ್ಯೂಸಿಯಂ ಮಾಡಿದರು. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡಕ್ಕೆ ರೆಮ್ ಕೂಲ್‌ಹಾಸ್ ಅವರ ಸಂಸ್ಥೆ ಉದ್ದದ ಎಸ್ಕಲೇಟರ್ ಹಾಕಿ ಕೆಂಡದಂಥ ಕಿತ್ತಳೆ ಬೆಳಕು ಕೊಟ್ಟಿತು. ಉಪ್ಪು ತುಂಬಿಡುತ್ತಿದ್ದ ಉಗ್ರಾಣದಲ್ಲಿ ಈಗ ಕಬಕೋವ್ ದಂಪತಿಯ ಕಲಾಕೃತಿ ಇದೆ. ಕಲಾವಿದರಿಬ್ಬರು ಹಡಗಿನ ಕಂಟೇನರುಗಳನ್ನು ಜೋಡಿಸಿ ಒಂದು ಈಜುಕೊಳವನ್ನೇ ಮಾಡಿಬಿಟ್ಟಿದ್ದಾರೆ!

2001ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಂತೆ. ಅದನ್ನು ಓದಿ ಅಲ್ಲೇ ನಿಂತುಬಿಟ್ಟೆ. ಅದೇ 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಗಣಿಗಳು ಮುಚ್ಚಿದ್ದು.

ವಾಪಸ್ ಬಂದ ಮೇಲೆ ಒಂದು ಶನಿವಾರ, ಊರಿನವನ ಕಣ್ಣು ಬಿಟ್ಟು ಟೂರಿಸ್ಟ್ ಕಣ್ಣು ಹಾಕಿಕೊಂಡು ಕೆಜಿಎಫ್‌ಗೆ ಹೋದೆ. ಗೇಟಿನೊಳಗೆ ಸುಮ್ಮನೆ ನುಗ್ಗುವ ಹಾಗಿಲ್ಲ, ರಸ್ತೆಯಿಂದಲೇ ನೋಡಬೇಕು. ಶಾಫ್ಟಿನ ಗೋಪುರಗಳು ನಿಂತಿವೆ. ನಮಗೆ ಕಾಣೋದು ಬರೀ ಕಳಶ ಸಾರ್, ದೇವಸ್ಥಾನವೆಲ್ಲ ಕೆಳಗೆ! ಮೂರು ಕಿಲೋಮೀಟರಿಗೂ ಹೆಚ್ಚು ಆಳ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ 120 ವರ್ಷ ಅಗೆದು ತೆಗೆದದ್ದು ಸುಮಾರು 800 ಟನ್ ಚಿನ್ನ. ಇದಕ್ಕಾಗಿಯೇ 1902ರಲ್ಲಿ ಶಿವನಸಮುದ್ರದಿಂದ 148 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಆಗ ಪ್ರಪಂಚದಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇನ್ನೂ ಮೂರು ವರ್ಷದ ಮೇಲೆ. 1965ರಲ್ಲಿ ವಿಜ್ಞಾನಿಗಳು ಇದೇ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೋ ಪತ್ತೆ ಮಾಡಿದರು. (ಇದನ್ನು ನಮಗೆ ಇಂಜಿನಿಯರಿಂಗ್ ಫಿಸಿಕ್ಸ್‌ನಲ್ಲಿ ಯಾರೂ ಹೇಳಲಿಲ್ಲ!)

ಮೇಲೆ ನೆಲದ ಮೇಲೂ ನೋಡೋದು ಬೇಕಾದಷ್ಟಿದೆ. ಸಾಹೇಬರ ಬಂಗಲೆಗೆ ವರಾಂಡ, ತೋಟ, ಕ್ಲಬ್ಬು. ಕಾರ್ಮಿಕರಿಗೆ ಸಾಲುಸಾಲು ಪುಟ್ಟ ಮನೆಗಳ 'ಲೈನು'. ಯಾರು ಯಾರಿಗೆ ಏನಾಗಿದ್ದರು ಅಂತ ತಿಳಿಯಲು ಪುಸ್ತಕ ಬೇಡ, ಗೋಡೆಗಳನ್ನು ನೋಡಿದರೆ ಸಾಕು. ಪೇಟೆಗಳ ಹೆಸರು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. ಶಾಫ್ಟಿನ ಹೆಸರು ಗಿಫರ್ಡ್, ಎಡ್ಗರ್. ಅಗೆದವರ ಹೆಸರು ಎಲ್ಲೂ ಕಾಣಲಿಲ್ಲ.

ಇನ್ನು ಸೈನೈಡ್ ಗುಡ್ಡಗಳು. ಪುಡಿ ಮಾಡಿ ಸೈನೈಡ್‌ನಲ್ಲಿ ಚಿನ್ನ ಸೋಸಿ ಉಳಿದ ಮಣ್ಣಿನ 13 ರಾಶಿಗಳು. ಮಳೆ ಕೊರೆದ ಗೀರುಗಳ ಮೇಲೆ ಸಂಜೆ ಬಿಸಿಲು ಬಿದ್ದಾಗ, ಯಾವ ಕಲಾವಿದನೂ ಇಷ್ಟು ದೊಡ್ಡದನ್ನು ಮಾಡಿರಲಿಕ್ಕಿಲ್ಲ ಅನ್ನಿಸಿತು. ಚಂದ ಅಂತ ಹೇಳೋಕೆ ಮುಜುಗರ, ಯಾಕಂದರೆ ಗಾಳಿ ಬಂದಾಗ ಅದೇ ಧೂಳು ಲೈನಿನ ಮನೆಗಳಿಗೆ ನುಗ್ಗುತ್ತೆ. 2018ರ ಸಿನಿಮಾ ಬಂದ ಮೇಲೆ ಜನ ಇವನ್ನು ಹುಡುಕಿಕೊಂಡು ಬರ್ತಿದ್ದಾರೆ. ಇವುಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಕೆಲಸ ಸಿಕ್ಕಿದರೆ ಒಳ್ಳೆಯದೇ. ಗಣಿ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಜನ ದಿನಾ ಬೆಂಗಳೂರಿಗೆ ರೈಲಲ್ಲಿ ಓಡಾಡ್ತಾರೆ. ಅವರ ಮುಂದೆ ನಿಂತು 'ಗುಡ್ಡ ಉಳಿಸಿ' ಅನ್ನೋ ಧೈರ್ಯ ನನಗಿಲ್ಲ. ಆದರೆ ಒಂದೆರಡು ಗೋಪುರ, ಒಂದು ಲೈನು, ಒಂದು ಗುಡ್ಡ?

ವಾಪಸ್ ಬರುವಾಗ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋದೆ. ಜನವೋ ಜನ! 108 ಅಡಿಯ ಲಿಂಗ, ಸುತ್ತ ಲಕ್ಷಾಂತರ ಪುಟ್ಟ ಲಿಂಗಗಳು. ಎಲ್ಲಾ ನಮ್ಮ ಕಾಲದಲ್ಲೇ, 1980ರಿಂದೀಚೆಗೆ ಬಂದದ್ದು. ಇದನ್ನು ಸಮಕಾಲೀನ ವಾಸ್ತುಶಿಲ್ಪ ಅಂತ ಯಾರೂ ಕರೆಯಲ್ಲ, ನಾನು ಕರೀತೀನಿ. ಹರಕೆ ಕೊಟ್ಟವರ ಹೆಸರು ಲಿಂಗದ ಮೇಲೆ ಬರೆದಿರ್ತಾರೆ. ಅರ್ಧ ಗಂಟೆ ಬರೀ ಹೆಸರುಗಳನ್ನೇ ಓದಿದೆ.

ಮನೆಗೆ ಬಂದು ಅಜ್ಜಿಗೆ ಎಸ್ಸೆನ್ ಫೋಟೋ ತೋರಿಸಿ, ಚಾಂಪಿಯನ್ ರೀಫನ್ನೂ ಹೀಗೇ ಮ್ಯೂಸಿಯಂ ಮಾಡಬಹುದು ಅಂದೆ.

"ಕೆಳಗಿನ ಸೆಖೆನೂ ತೋರಿಸ್ತಾರಾ?" ಅಂತ ಕೇಳಿದಳು. "ನಿಮ್ ತಾತನ ಬನಿಯನ್ ಹಿಂಡಿದ್ರೆ ಬಕೆಟ್ ತುಂಬ್ತಿತ್ತು."

ಇಷ್ಟು ವರ್ಷ ಬಂಗಾರಪೇಟೆಯಲ್ಲಿದ್ದೂ ಅಜ್ಜಿ ಗಣಿಯ ಗೋಪುರ ನೋಡಿಲ್ಲವಂತೆ. ಮುಂದಿನ ಭಾನುವಾರ ಕರೆದುಕೊಂಡು ಹೋಗ್ತಿದ್ದೀನಿ, ತಾತ ಹೋಗ್ತಿದ್ದ ರೈಲಲ್ಲೇ. ಹಾಗೇ ಕಮ್ಮಸಂದ್ರಕ್ಕೂ ಹೋಗಬೇಕು ಅಂತ ಅವಳ ಕಂಡಿಷನ್ನು.