ತಾಯಿಯ ತಟ್ಟೆಯಲ್ಲಿ ಸಿಗದ ಕಾರಣ

ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಬೇಕೆನಿಸಿದರೆ ಕಡಲೆಕಾಯಿ ಬಿಡಬಹುದು ಎಂದು ಬ್ರಿಟನ್ನಿನ ಆರೋಗ್ಯ ಇಲಾಖೆ 1998ರಲ್ಲಿ ಹೇಳಿತು. ಸಲಹೆ ಎಲ್ಲರಿಗಲ್ಲ, ತಾಯಿಗೋ ತಂದೆಗೋ ಹಿರಿಯ ಮಗುವಿಗೋ ಆಸ್ತಮಾ, ಇಸುಬು, ಅಲರ್ಜಿಯಂಥದ್ದು ಇರುವ ಮನೆಗಳಿಗೆ. ಅಂಥ ಮನೆಯ ಮಗುವಿಗೂ ಮೂರು ವರ್ಷ ತುಂಬುವ ತನಕ ಕಡಲೆಕಾಯಿ ಬೇಡ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಅದೇ ದಾರಿ ಹಿಡಿಯಿತು. ‘ಬೇಕೆನಿಸಿದರೆ’ ಎಂಬ ಮಾತು ಕಾಗದದಲ್ಲಷ್ಟೇ ಉಳಿಯುತ್ತದೆ. ಬಸುರಿಯ ಕಿವಿಗೆ ಬೀಳುವಷ್ಟರಲ್ಲಿ ಅದು ‘ತಿನ್ನಲೇಬೇಡ’ ಆಗಿರುತ್ತದೆ.

ಈ ಸಲಹೆಯ ಬುಡದಲ್ಲಿ ಏನಿತ್ತು ಎಂದು ಹುಡುಕಲು ಹೊರಟದ್ದಕ್ಕೆ ನಮ್ಮ ಬಾಣಂತಿಯರ ಕೋಣೆಯೇ ಕಾರಣ. ಇಲ್ಲೂ ಬದನೆಕಾಯಿ ನಂಜು, ಶೇಂಗಾ ನಂಜು ಎಂದು ಪಥ್ಯದ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಕೂಸಿನ ಮೈಮೇಲೆ ಗಂಧೆ ಎದ್ದರೆ ‘ನೀನೇನು ತಿಂದೆ?’ ಎಂದು ಮೊದಲು ಕೇಳುವುದು ಹಾಲೂಡಿಸುವವಳನ್ನು. ಲಂಡನ್ನಿನ ತಜ್ಞರೂ ನಮ್ಮ ಮನೆಯ ಹಿರಿಯರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದರೆ ಅದಕ್ಕೆ ಗಟ್ಟಿ ಆಧಾರ ಇರಲೇಬೇಕು ಎಂದುಕೊಂಡು ಹಳೆಯ ಪ್ರಬಂಧಗಳನ್ನು ಒಂದೊಂದಾಗಿ ತೆಗೆದೆ.

ಸಿಕ್ಕಿದ್ದು ಮುಖ್ಯವಾಗಿ ಒಂದು ಊಹೆ. ಮೊದಲ ಸಲ ಕಡಲೆಬೀಜ ಬಾಯಿಗೆ ಹಾಕಿದಾಗಲೇ ಕೆಲವು ಮಕ್ಕಳ ಮುಖ ಊದಿಕೊಳ್ಳುತ್ತಿತ್ತು, ಉಸಿರು ಕಟ್ಟುತ್ತಿತ್ತು. ಮೈ ಒಂದು ವಸ್ತುವಿನ ಮೇಲೆ ಹೀಗೆ ತಿರುಗಿ ಬೀಳಬೇಕಾದರೆ ಅದನ್ನು ಮುಂಚೆ ಎಲ್ಲೋ ಕಂಡಿರಬೇಕು. ತಿಂದೇ ಇಲ್ಲದ ಮಗು ಅದನ್ನು ಎಲ್ಲಿ ಕಂಡಿತು? ಗರ್ಭದಲ್ಲಿ, ಇಲ್ಲವೇ ಎದೆಹಾಲಿನಲ್ಲಿ ಎಂಬುದು ಉತ್ತರ. ತರ್ಕ ಕೇಳಲು ಸರಿಯಾಗಿಯೇ ಇದೆ. ಅದನ್ನು ಒರೆಗೆ ಹಚ್ಚಬಲ್ಲ ದಾಖಲೆ ಮಾತ್ರ ಆಗ ತೀರ ಕಡಿಮೆಯಿತ್ತು.

ಆ ದಾಖಲೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅಷ್ಟರಲ್ಲಾಗಲೇ ತಯಾರಾಗುತ್ತಿತ್ತು. ಜೀನ್ ಗೋಲ್ಡಿಂಗ್ ಎಂಬ ವಿಜ್ಞಾನಿ ಅಲ್ಲಿ ಒಂದು ದೊಡ್ಡ ಕೆಲಸ ಹಚ್ಚಿಕೊಂಡಿದ್ದರು. ಆಗಿನ ಏವನ್ ಜಿಲ್ಲೆಯಲ್ಲಿ 1991ರ ಏಪ್ರಿಲ್ 1ರಿಂದ 1992ರ ಡಿಸೆಂಬರ್ 31ರ ನಡುವೆ ಹೆರಿಗೆಯ ದಿನ ಬೀಳುವ ಗರ್ಭಿಣಿಯರನ್ನು ಸೇರಿಸಿಕೊಂಡು, ಹುಟ್ಟುವ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸುವುದು. ಒಟ್ಟು 14,541 ಗರ್ಭಗಳು ದಾಖಲಾದವು. ಊರಿನವರು ಇದನ್ನು ‘ತೊಂಬತ್ತರ ದಶಕದ ಮಕ್ಕಳು’ ಎಂದೇ ಕರೆಯುತ್ತಾರೆ. ಬಸಿರಿನಲ್ಲಿ ಏನು ತಿಂದಿರಿ, ಮನೆಯಲ್ಲಿ ತೇವ ಇದೆಯೇ, ಮಗುವಿಗೆ ಏನು ಕುಡಿಸುತ್ತಿದ್ದೀರಿ, ಮೈಮೇಲೆ ಕೆಂಪಗೆ ಎದ್ದಿದೆಯೇ, ಎಲ್ಲಿ ಎದ್ದಿದೆ ಎಂದು ಕೇಳುವ ಪ್ರಶ್ನಾವಳಿಗಳು ಅಂಚೆಯಲ್ಲಿ ಮನೆಮನೆಗೆ ಹೋದವು. ತಾಯಂದಿರು ತುಂಬಿ ಕಳಿಸಿದರು. ಹೊಕ್ಕುಳಬಳ್ಳಿಯ ರಕ್ತ, ಮೂತ್ರ, ಉಗುರು, ಕೂದಲು, ಮುಂದೆ ಉದುರಿದ ಹಾಲುಹಲ್ಲು, ಕೊನೆಗೆ ಸುಮಾರು 9,000 ಮಾಸುಗಳನ್ನು ಕೂಡ ಕೆಡದಂತೆ ಇಟ್ಟರು. ಬೇರೆ ಆಸ್ಪತ್ರೆಗಳು ಹೂಳುವ, ಸುಡುವ ವಸ್ತು ಅದು. ಯಾವ ರೋಗದ ಯಾವ ಪ್ರಶ್ನೆಗೆ ಇದೆಲ್ಲ ಬೇಕಾಗುತ್ತದೆ ಎಂದು ಆಗ ಯಾರೂ ಹೇಳುವಂತಿರಲಿಲ್ಲ. ನನ್ನ ಮಟ್ಟಿಗೆ ಈ ಸಂಗ್ರಹದ ದೊಡ್ಡ ಗುಣ ಅದೇ.

ಯಾಕೆಂದರೆ, ಮಗುವಿಗೆ ಅಲರ್ಜಿ ಎಂದು ಗೊತ್ತಾದ ಮೇಲೆ ತಾಯಿಯನ್ನು ಕೂರಿಸಿಕೊಂಡು ಬಸಿರಿನಲ್ಲಿ ಎಷ್ಟು ಕಡಲೆಬೀಜ ತಿಂದಿದ್ದಿರಿ ಎಂದು ಕೇಳಿದರೆ ಅವಳು ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡು ಉತ್ತರ ಕೊಡುತ್ತಾಳೆ. ಗಟ್ಟಿಮುಟ್ಟಾದ ಮಗುವಿನ ತಾಯಿ ಮರೆತುಬಿಟ್ಟ ಒಂದು ಹಿಡಿ ಕಡಲೆಬೀಜ ಇವಳಿಗೆ ಚೆನ್ನಾಗಿ ನೆನಪಿರುತ್ತದೆ. ಬ್ರಿಸ್ಟಲ್‌ನ ತಾಯಂದಿರು ಬರೆದದ್ದು ಮಗು ಹುಟ್ಟುವ ಮೊದಲು. ಅಪರಾಧದ ಭಾವ ಹುಟ್ಟುವುದಕ್ಕೂ ಮೊದಲು.

ಈ ಕಟ್ಟುಗಳನ್ನು ಕಡಲೆಕಾಯಿಯ ಪ್ರಶ್ನೆ ಇಟ್ಟುಕೊಂಡು ಬಿಚ್ಚಿದವರು ಮಕ್ಕಳ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್. ಗೋಲ್ಡಿಂಗ್ ಅವರೂ ಸೇರಿದಂತೆ ನಾಲ್ವರ ಹೆಸರಿನಲ್ಲಿ ಆ ಪ್ರಬಂಧ 2003ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಶಾಲೆಗೆ ಸೇರುವ ಮುಂಚಿನ ವಯಸ್ಸಿನ 13,971 ಮಕ್ಕಳ ಪೈಕಿ 49 ಮಕ್ಕಳಿಗೆ ಕಡಲೆಕಾಯಿ ಒಗ್ಗದ ಇತಿಹಾಸವಿತ್ತು. ಅವರಲ್ಲಿ 36 ಮಕ್ಕಳಿಗೆ ವೈದ್ಯರ ಎದುರಿನಲ್ಲೇ ಎಚ್ಚರದಿಂದ ತಿನ್ನಿಸಿ ನೋಡಿದಾಗ 23 ಮಕ್ಕಳಲ್ಲಿ ಅಲರ್ಜಿ ಖಚಿತವಾಯಿತು.

ಇನ್ನು ತಾಯಿಯ ತಟ್ಟೆ. ಬಸಿರಿನಲ್ಲಿ ಕಡಲೆಕಾಯಿ ತಿಂದದ್ದಕ್ಕೂ ಮಗುವಿನ ಅಲರ್ಜಿಗೂ ನಂಟು ಸಿಗಲಿಲ್ಲ. ಹುಟ್ಟಿದ ದಿನ ತೆಗೆದಿಟ್ಟಿದ್ದ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷಿಸಿದರು. ಕಡಲೆಕಾಯಿಯ ವಿರುದ್ಧದ ಪ್ರತಿಕಾಯ ಅದರಲ್ಲೂ ಕಾಣಲಿಲ್ಲ. ಗರ್ಭದಲ್ಲೇ ಅಲರ್ಜಿ ಮೊಳೆಯುತ್ತದೆ ಎಂಬ ಊಹೆಯ ವಿರುದ್ಧ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ. ಈ ಭಾಗವನ್ನು ಓದಿದಾಗ ನನಗಾದ ನೆಮ್ಮದಿಯನ್ನು ಮುಚ್ಚಿಡುವುದಿಲ್ಲ. ಎಷ್ಟು ಹೆಂಗಸರು ಎಷ್ಟು ವರ್ಷ ತಮ್ಮನ್ನು ತಾವೇ ಹಳಿದುಕೊಂಡಿರಬೇಡ!

ಬದಲಿಗೆ ಸಂಖ್ಯೆಗಳು ಬೊಟ್ಟು ಮಾಡಿದ್ದು ಚರ್ಮದ ಕಡೆಗೆ. ಮೊಣಕೈ ಮೊಣಕಾಲಿನ ಸಂದಿಯಲ್ಲಿ, ಚರ್ಮದ ಮಡಿಕೆಗಳಲ್ಲಿ ಕೆಂಪಗೆ ಎದ್ದಿದ್ದ ಮಕ್ಕಳಲ್ಲಿ, ಹಾಗೆ ಏಳದವರಿಗೆ ಹೋಲಿಸಿದರೆ, ಅಲರ್ಜಿಯ ಸಾಧ್ಯತೆಯ ಅನುಪಾತ 2.6. ರಸಿಕೆ ಸೋರಿ ಹಕ್ಕಳೆ ಕಟ್ಟುವಷ್ಟು ಇಸುಬಿದ್ದ ಮಕ್ಕಳಲ್ಲಿ 5.2. ಸೋಯಾ ಹಾಲು ಕುಡಿದ ಮಕ್ಕಳಲ್ಲೂ 2.6 ಕಂಡಿತು. ಎಲ್ಲಕ್ಕಿಂತ ದೊಡ್ಡ ಅಂಕಿ 6.8, ಅದು ಕಡಲೆಕಾಯಿ ಎಣ್ಣೆ ಬೆರೆತ ಮುಲಾಮು, ಕ್ರೀಮುಗಳನ್ನು ಹಚ್ಚಿಸಿಕೊಂಡ ಮಕ್ಕಳದ್ದು. ಆ ಕಾಲದ ಇಂಗ್ಲೆಂಡಿನಲ್ಲಿ ಇಂಥವು ಅಪರೂಪವಲ್ಲ. ಕೂಸಿನ ತೊಡೆಸಂದಿ ಕೆಂಪಾದರೆ ಹಚ್ಚುವ ಜಿಂಕ್ ಮತ್ತು ಹರಳೆಣ್ಣೆಯ ಮುಲಾಮನ್ನೇ ನೋಡಿ, ಅದರ ಸಿದ್ಧ ಸೂತ್ರದಲ್ಲಿ ಹರಳೆಣ್ಣೆಯ ಜೊತೆ ಕಡಲೆಕಾಯಿ ಎಣ್ಣೆಯೂ ಇದೆ. ಪಟ್ಟಿಯಲ್ಲಿ ಅದು ‘ಅರಾಕಿಸ್ ಆಯಿಲ್’ ಎಂಬ ಔಷಧಶಾಸ್ತ್ರದ ಹೆಸರಿನಲ್ಲಿ ಇರುತ್ತಿತ್ತು. ಅಂದರೆ ಕಡಲೆಕಾಯಿಯನ್ನು ತನ್ನ ಊಟದಿಂದ ಕಟ್ಟುನಿಟ್ಟಾಗಿ ದೂರವಿಟ್ಟ ತಾಯಿ, ಮಗುವಿನ ಒಡೆದ ಚರ್ಮದ ಮೇಲೆ ಅದನ್ನೇ ಅಕ್ಕರೆಯಿಂದ ಸವರುತ್ತಿದ್ದಿರಬಹುದು.

ಇಲ್ಲಿ ಒಂದು ಎಚ್ಚರದ ಮಾತು ಹೇಳಬೇಕು. ತಾಯಿಯ ಆಹಾರದ ವಿವರ ಮೊದಲೇ ಬರೆದದ್ದು. ಕ್ರೀಮಿನ ವಿವರ ಹಾಗಲ್ಲ, ಅಲರ್ಜಿ ಗೊತ್ತಾದ ಮೇಲೆ ಪೋಷಕರನ್ನು ಕೇಳಿ ಪಡೆದದ್ದು. ನೆನಪಿನ ಕುಂದು ಇದರಲ್ಲಿ ಇರಬಹುದು. ಇಸುಬಿದ್ದ ಮಗುವಿಗೆ ಮುಲಾಮು ಹೆಚ್ಚು ಹಚ್ಚುವುದು ಸಹಜ ಎಂಬ ತಕರಾರೂ ಉಂಟು. ಸಂಶೋಧಕರಿಗೆ ಇದು ಹೊಳೆಯದೆ ಇರಲಿಲ್ಲ. ಹೋಲಿಕೆಗೆ ಅವರು ಎರಡು ಗುಂಪು ಇಟ್ಟುಕೊಂಡರು. ಒಂದು ಗುಂಪು ಎಲ್ಲ ಮಕ್ಕಳಿಂದ ಎತ್ತಿದ್ದು. ಇನ್ನೊಂದರಲ್ಲಿ ಇದ್ದವರು ಮೊದಲ ಆರು ತಿಂಗಳಲ್ಲಿ ಇಸುಬು ಬಂದಿದ್ದ, ತಾಯಿಗೂ ಇಸುಬಿದ್ದ ಮಕ್ಕಳು. ಎಣ್ಣೆಯ ನಂಟು ಆಗಲೂ ನಿಂತಿತು. ಆದರೂ ಇದೊಂದೇ ಪ್ರಬಂಧದ ಬಲದ ಮೇಲೆ ತೀರ್ಪು ಕೊಡುವುದು ಸಲ್ಲದು ಎಂದು ನಾನು ಮುಂದಿನ ಕಾಗದಗಳಿಗೆ ಹೋದೆ.

2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ವಿಜ್ಞಾನಿಗಳ ಕೆಲಸ ಬಂತು. ಚರ್ಮದ ಹೊರಪದರವನ್ನು ಬಿಗಿಯಾಗಿ ಹಿಡಿದಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ಕೆಟ್ಟಿದ್ದರೆ ಇಸುಬು ಬರುವ ಸಂಭವ ಹೆಚ್ಚು ಎಂದು ಅವರು ತೋರಿಸಿದರು. ಗಾರೆ ಉದುರಿದ ಗೋಡೆಯಂತಾದ ಚರ್ಮದಲ್ಲಿ ಹೊರಗಿನ ಕಣ ಒಳಗಿಳಿಯುತ್ತದೆ, ಮೈಯ ರಕ್ಷಣಾ ವ್ಯವಸ್ಥೆ ಅದನ್ನು ಅಲ್ಲಿ ದಾಳಿಯೆಂದೇ ಓದುತ್ತದೆ. ಅದೇ ಕಣ ಬಾಯಿಂದ ಹೊಟ್ಟೆಗೆ ಹೋದರೆ ಆಹಾರವೆಂದು ಒಪ್ಪಿಕೊಳ್ಳುತ್ತದೆ. ಯಾವ ದಾರಿ ಮೊದಲು ತೆರೆಯಿತು ಎಂಬುದರ ಮೇಲೆ ಮಗುವಿನ ಮುಂದಿನ ಪಾಡು ನಿಂತಿದೆ ಎಂದು ಲ್ಯಾಕ್ 2008ರಲ್ಲಿ ವಾದ ಕಟ್ಟಿದರು. ಇದು ನಿಜವಾದರೆ, ಮೂರು ವರ್ಷ ತಿನ್ನಿಸಬೇಡಿ ಎಂಬ ಸಲಹೆ ಬಾಯಿಯ ದಾರಿಯನ್ನು ಮುಚ್ಚಿ ಚರ್ಮದ ದಾರಿಯನ್ನು ತೆರೆದಿಟ್ಟಂತಾಯಿತು.

ಲ್ಯಾಕ್ ಒಮ್ಮೆ ಟೆಲ್ ಅವೀವ್‌ನಲ್ಲಿ ಉಪನ್ಯಾಸ ಕೊಡುವಾಗ, ಕಳೆದ ವರ್ಷ ಕಡಲೆಕಾಯಿ ಅಲರ್ಜಿಯ ಮಗುವನ್ನು ನೋಡಿದವರು ಕೈ ಎತ್ತಿ ಎಂದರಂತೆ. ಬ್ರಿಟನ್ನಿನಲ್ಲಾದರೆ ಸಭೆಯ ಬಹುತೇಕ ಕೈಗಳು ಏಳುತ್ತಿದ್ದವು. ಅಲ್ಲಿ ಎದ್ದದ್ದು ಎರಡೋ ಮೂರೋ. ಇಸ್ರೇಲಿನ ಕೂಸುಗಳು ಹಲ್ಲು ಬರುವ ಮುಂಚೆಯೇ ಬಾಂಬಾ ಎಂಬ ಕಡಲೆಬೀಜದ ಪುರಿ ಚಪ್ಪರಿಸುತ್ತವೆ. ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಇಸ್ರೇಲಿನ ಯಹೂದಿ ಮಕ್ಕಳನ್ನೂ ಹೋಲಿಸಿ ಲೆಕ್ಕ ತೆಗೆದಾಗ ಅಲರ್ಜಿ ಬ್ರಿಟನ್ನಿನಲ್ಲಿ ಶೇ 1.85, ಇಸ್ರೇಲಿನಲ್ಲಿ ಶೇ 0.17. ಎಂಟರಿಂದ ಹದಿನಾಲ್ಕು ತಿಂಗಳ ಕೂಸು ತಿಂಗಳಿಗೆ ತಿಂದ ಕಡಲೆಕಾಯಿ ಪ್ರೋಟೀನಿನ ಮಧ್ಯಾಂಕ ಇಸ್ರೇಲಿನಲ್ಲಿ 7.1 ಗ್ರಾಂ, ಬ್ರಿಟನ್ನಿನಲ್ಲಿ ಸೊನ್ನೆ.

ಉಳಿದ ಕಥೆ ಈಗ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಜೋರು ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳನ್ನು ಲಂಡನ್ನಿನಲ್ಲಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಕಡಲೆಕಾಯಿ ತಿನ್ನಿಸಿದರು, ಇನ್ನೊಂದಕ್ಕೆ ಮುಟ್ಟಿಸಲಿಲ್ಲ. ಚರ್ಮದ ಪರೀಕ್ಷೆಯಲ್ಲಿ ಮೊದಲು ಏನೂ ತೋರದಿದ್ದ ಮಕ್ಕಳಲ್ಲಿ ಐದು ವರ್ಷಕ್ಕೆ ಅಲರ್ಜಿ ಬಂದದ್ದು ತಿನ್ನದವರಲ್ಲಿ ಶೇ 13.7, ತಿಂದವರಲ್ಲಿ ಶೇ 1.9. ಅದು ಪ್ರಕಟವಾದದ್ದು 2015ರಲ್ಲಿ. ಅಮೆರಿಕದ ಅಕಾಡೆಮಿ 2008ರಲ್ಲೂ ಬ್ರಿಟನ್ 2009ರಲ್ಲೂ ಹಳೆಯ ಸಲಹೆಯನ್ನು ಕೈಬಿಟ್ಟಾಗಿತ್ತು. ಇದನ್ನು ಓದಿ ಯಾರೂ ಕೂಸಿನ ಬಾಯಿಗೆ ಇಡೀ ಕಡಲೆಬೀಜ ಹಾಕಬಾರದು, ಗಂಟಲಲ್ಲಿ ಸಿಕ್ಕಿ ಉಸಿರು ನಿಲ್ಲುತ್ತದೆ. ಕೊಡುವುದು ನುಣ್ಣಗೆ ಅರೆದದ್ದನ್ನು, ತೆಳ್ಳಗೆ ಮಾಡಿ. ಜೋರು ಇಸುಬಿರುವ ಮಗುವಾದರೆ ಮೊದಲು ವೈದ್ಯರಿಗೆ ತೋರಿಸಬೇಕು.

ಬ್ರಿಸ್ಟಲ್‌ನ ಕಟ್ಟುಗಳಿಂದ ತಾಯಂದಿರಿಗೆ ಸಿಕ್ಕ ಬಿಡುಗಡೆ ಇದೊಂದೇ ಅಲ್ಲ. ಪಾದರಸದ ಭಯದಿಂದ ಗರ್ಭಿಣಿಯರು ವಾರಕ್ಕೆ 340 ಗ್ರಾಂಗಿಂತ ಹೆಚ್ಚು ಮೀನು ತಿನ್ನಬಾರದೆಂದು ಅಮೆರಿಕ ಹೇಳುತ್ತಿತ್ತು. 11,875 ತಾಯಂದಿರ ವಿವರ ತೆಗೆದು ನೋಡಿದಾಗ, ಅದಕ್ಕಿಂತ ಕಡಿಮೆ ತಿಂದವರ ಮಕ್ಕಳೇ ಮಾತಿನ ಬುದ್ಧಿಮತ್ತೆಯಲ್ಲಿ ಹಿಂದಿದ್ದರು. 2007ರಲ್ಲಿ ಇದು ಪ್ರಕಟವಾಯಿತು. ಹೀಗೆ ಶಿಶುವಿನ ಹೆಸರಿನಲ್ಲಿ ತಾಯಿಯ ಬಾಯಿ ಕಟ್ಟುವ ಸಲಹೆಗಳು ಲೆಕ್ಕ ನೋಡುವ ಮೊದಲೇ ಹೊರಟುಬಿಡುತ್ತವೆ.

ಬರೆದಿಟ್ಟ ಪುಸ್ತಕದ ಬೆಲೆ ಮೈಸೂರಿಗೆ ಹೊಸದಲ್ಲ. ಇಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆ ಪುಸ್ತಕಗಳಲ್ಲಿ 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿದ್ದರು. ದಶಕಗಳ ಬಳಿಕ ಸಂಶೋಧಕಿ ಕ್ಯಾರೊಲಿನ್ ಫಾಲ್ ಮತ್ತು ಜೊತೆಗಾರರು ಆ ಪುಸ್ತಕಗಳನ್ನು ಹಿಡಿದು, 1954ರ ತನಕ ಅಲ್ಲಿ ಹುಟ್ಟಿ ಆಸುಪಾಸಿನಲ್ಲೇ ಬಾಳುತ್ತಿದ್ದ 517 ಜನರನ್ನು ಪತ್ತೆಹಚ್ಚಿದರು. ಹುಟ್ಟುವಾಗ ಐದೂವರೆ ಪೌಂಡ್ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಏಳು ಪೌಂಡ್ ದಾಟಿದವರಲ್ಲಿ ಶೇ 3. ಲ್ಯಾನ್ಸೆಟ್ ಪತ್ರಿಕೆ ಇದನ್ನು 1996ರಲ್ಲಿ ಅಚ್ಚುಹಾಕಿತು. ಮರುವರ್ಷ ಅದೇ ಆಸ್ಪತ್ರೆಯಲ್ಲಿ ಹೊಸ ಗರ್ಭಿಣಿಯರ ತಂಡ ದಾಖಲಾಗತೊಡಗಿತು. ಅವರಲ್ಲಿ ಶೇ 43 ಮಂದಿಗೆ ಬಿ12 ಜೀವಸತ್ವದ ಕೊರತೆ ಇದ್ದದ್ದು ಮುಂದೆ ಹೊರಬಿತ್ತು. ಆಹಾರದ ಪಟ್ಟಿಯನ್ನು ಇನ್ನಷ್ಟು ಕಿರಿದು ಮಾಡುವ ಪಥ್ಯ ಇಂಥ ಹೆಂಗಸರಿಗೆ ಏನು ಮಾಡುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಅಲರ್ಜಿಯ ವಿಷಯದಲ್ಲಿ ಕರ್ನಾಟಕದಿಂದ ಬಂದ ಅಂಕಿಗಳು ಇನ್ನೂ ಕುತೂಹಲದವು. ಮೈಸೂರಿನ ವೈದ್ಯ ಪಿ.ಎ. ಮಹೇಶ್ ಮತ್ತು ಸಂಗಡಿಗರು ಯುರೋಪಿನ ಯೋಜನೆಯೊಂದರ ಭಾಗವಾಗಿ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಇಲ್ಲಿನ ವಯಸ್ಕರಲ್ಲಿ ಶೇ 26.5 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಇದೆ, ನಿಜಕ್ಕೂ ಅಲರ್ಜಿ ಇರುವ ಸಂಭವ ಮಾತ್ರ ಶೇ 1.2 ಮಂದಿಗೆ. ಅದೇ ಯೋಜನೆಯಲ್ಲಿ 6ರಿಂದ 11 ವರ್ಷದ ಮಕ್ಕಳನ್ನು ನೋಡಿದಾಗ ಹಾಂಕಾಂಗ್‌ನಲ್ಲಿ ಶೇ 1.50 ಇದ್ದ ಆಹಾರ ಅಲರ್ಜಿ ಭಾರತದಲ್ಲಿ ಶೇ 0.14. ರಕ್ತ ಗುರುತಿಸಿದೆ, ಮೈ ಸಹಿಸಿಕೊಂಡಿದೆ. ಒಗ್ಗರಣೆಯ ಕಡಲೆಬೀಜ, ಚಟ್ನಿಪುಡಿ, ಬೇಗ ಶುರುವಾಗುವ ಮನೆಯ ಊಟ ಇದಕ್ಕೆ ಕಾರಣವೇ? ದಿನವೂ ಎಣ್ಣೆ ತೀಡಿ ಬಿಸಿನೀರು ಹೊಯ್ಯುವ ನಮ್ಮ ಪದ್ಧತಿ ಚರ್ಮವನ್ನು ಕಾಯುತ್ತದೆಯೋ, ಕೆಡಿಸುತ್ತದೆಯೋ? ಹಳೆಯ ಬ್ರಿಟಿಷ್ ಮುಲಾಮನ್ನು ನೋಡಿದ ಮೇಲೆ ಈ ಎರಡನೆಯ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಮ್ಮ ತಾಯಿ ಕಾರ್ಡಿನಲ್ಲಿ ತೂಕ, ಲಸಿಕೆ, ರಕ್ತಹೀನತೆಯ ವಿವರ ಬರೆಯುತ್ತಾರೆ. ಕೂಸಿನ ಮೈಗೆ ಹಚ್ಚುವ ಎಣ್ಣೆ ಯಾವುದು, ಮೊದಲ ವರ್ಷದಲ್ಲಿ ಇಸುಬು ಇತ್ತೇ, ಕಡಲೆಬೀಜ ಮೊದಲು ತಿಂದದ್ದು ಎಷ್ಟನೆಯ ತಿಂಗಳಲ್ಲಿ ಎಂಬ ಮೂರು ಸಾಲು ಅದರಲ್ಲಿ ಹಿಡಿಸುತ್ತವೆ. ಮನೆಗೆ ಬರುವ ಆಶಾ ಕಾರ್ಯಕರ್ತೆ ತೂಕ ಕೇಳುವಾಗಲೇ ಇದನ್ನೂ ಕೇಳಿ ಬರೆದುಕೊಳ್ಳಬಹುದು. ಮುಂದೊಂದು ದಿನ ಮೈಸೂರಿನಲ್ಲೋ ಕಲಬುರಗಿಯಲ್ಲೋ ಯಾರಾದರೂ 0.14ರ ಕಾರಣ ಹುಡುಕಲು ಕುಳಿತಾಗ, ಕಾಯಿಲೆಬಿದ್ದ ಮಗುವಿನ ತಾಯಿಯನ್ನು ಕರೆಸಿ ಏನು ತಿಂದೆ ಎಂದು ಕೇಳುವ ಮೊದಲು ಆ ಸಾಲುಗಳನ್ನು ಓದಲಿ.