ಗುಲ್ಮ: ಇಲ್ಲದೆ ಬದುಕಬಹುದು, ಎಚ್ಚರ ತಪ್ಪುವಂತಿಲ್ಲ

ಹೊಟ್ಟೆಯ ಎಡ ಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿರುವ ಮೃದುವಾದ, ನೇರಳೆಗೆಂಪು ಬಣ್ಣದ ಅಂಗವೇ ಗುಲ್ಮ. ಆಯುರ್ವೇದದಲ್ಲಿ ಇದಕ್ಕೆ ಪ್ಲೀಹ ಎಂದು ಹೆಸರು; ಅಲ್ಲಿ ಗುಲ್ಮವೆಂದರೆ ಹೊಟ್ಟೆಯೊಳಗಿನ ಗಂಟು ಎಂಬ ಬೇರೆಯೇ ಅರ್ಥವಿದೆ. ಗುಲ್ಮವಿಲ್ಲದೆಯೂ ಮನುಷ್ಯ ಬದುಕಬಲ್ಲ. ಆದ್ದರಿಂದಲೇ ಬಹುಕಾಲ ಅದನ್ನು ಅಷ್ಟೇನೂ ಅಗತ್ಯವಿಲ್ಲದ ಅಂಗವೆಂದು ಭಾವಿಸಲಾಗಿತ್ತು. ಆದರೆ ಅದನ್ನು ಕಳೆದುಕೊಂಡವರಿಗೆ ಜ್ವರವೊಂದು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು.

ರಚನೆ

ವಯಸ್ಕರಲ್ಲಿ ಗುಲ್ಮವು ಸುಮಾರು 12 ಸೆಂ.ಮೀ. ಉದ್ದವಿದ್ದು, 150ರಿಂದ 200 ಗ್ರಾಂ ತೂಗುತ್ತದೆ. ವಪೆಯ ಕೆಳಗೆ, ಜಠರದ ಹಿಂಬದಿಯಲ್ಲಿ, 9ರಿಂದ 11ನೇ ಪಕ್ಕೆಲುಬುಗಳ ನೇರಕ್ಕೆ ಇದರ ಸ್ಥಾನ. ಎಡ ಮೂತ್ರಪಿಂಡ ಹಾಗೂ ಮೇದೋಜೀರಕ ಗ್ರಂಥಿಯ ತುದಿ ಇದರ ನೆರೆಹೊರೆ. ತೆಳುವಾದ ಕವಚದೊಳಗೆ ರಕ್ತ ತುಂಬಿದ ಕೆಂಪು ತಿರುಳು ಮತ್ತು ಬಿಳಿ ರಕ್ತಕಣಗಳು ಗುಂಪುಗೂಡಿರುವ ಬಿಳಿ ತಿರುಳು ಎಂಬ ಎರಡು ಭಾಗಗಳಿವೆ. ಇಲ್ಲಿಂದ ಹೊರಡುವ ರಕ್ತವು ಯಕೃತ್ತಿನ ಮೂಲಕ ಹಾದು ಹೃದಯವನ್ನು ಸೇರುತ್ತದೆ.

ಕಾರ್ಯ

ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಹೊಸ ಕಣಗಳು ಮೈ ಬಳುಕಿಸಿ ಕೆಂಪು ತಿರುಳಿನ ಕಿರಿದಾದ ಸಂದುಗಳಲ್ಲಿ ನುಸುಳಿ ಪಾರಾಗುತ್ತವೆ. ಮುದಿಯಾಗಿ ಬಿಗಿದ ಕಣಗಳು ಅಲ್ಲಿಯೇ ಸಿಕ್ಕಿಬಿದ್ದು ನಾಶವಾಗುತ್ತವೆ. ಅವುಗಳಲ್ಲಿನ ಕಬ್ಬಿಣದ ಅಂಶ ಹೊಸ ಕಣಗಳ ತಯಾರಿಕೆಗಾಗಿ ಅಸ್ಥಿಮಜ್ಜೆಗೆ ಮರಳುತ್ತದೆ. ದೇಹದ ಪ್ಲೇಟ್‌ಲೆಟ್‌ಗಳ ಸುಮಾರು ಮೂರನೇ ಒಂದು ಭಾಗ ಗುಲ್ಮದಲ್ಲಿ ಸಂಗ್ರಹವಾಗಿರುತ್ತದೆ.

ಬಿಳಿ ತಿರುಳು ಸೋಂಕಿನ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ನ್ಯುಮೋನಿಯಾ ಮತ್ತು ಮೆದುಳುಪೊರೆಯ ಉರಿಯೂತ ತರುವ ನ್ಯುಮೋಕಾಕಸ್, ಮೆನಿಂಗೋಕಾಕಸ್‌ನಂತಹ ಕವಚಧಾರಿ ಬ್ಯಾಕ್ಟೀರಿಯಾಗಳನ್ನು ರಕ್ತದಿಂದ ತೆಗೆದುಹಾಕುವಲ್ಲಿ ಗುಲ್ಮದ ಪಾತ್ರ ಬಹುಮುಖ್ಯ.

ಊತ: ರೋಗದ ಸೂಚನೆ

ಆರೋಗ್ಯವಂತ ವಯಸ್ಕರಲ್ಲಿ ಗುಲ್ಮ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಪಕ್ಕೆಲುಬಿನಿಂದ ಕೆಳಗೆ ಅದು ಕೈಗೆ ತಾಕಿದರೆ ಕಾರಣ ಹುಡುಕಬೇಕಾಗುತ್ತದೆ. ಮಲೇರಿಯಾ, ಟೈಫಾಯಿಡ್, ಕಾಲಾ ಅಜಾರ್, ಯಕೃತ್ತಿನ ಸಿರೋಸಿಸ್, ಥಲಸ್ಸೇಮಿಯಾ ಮತ್ತು ರಕ್ತದ ಕ್ಯಾನ್ಸರ್ ಪ್ರಮುಖ ಕಾರಣಗಳು. ಪದೇ ಪದೇ ಮಲೇರಿಯಾ ತಗಲಿದವರಲ್ಲಿ ಉಂಟಾಗುವ ಈ ಊತಕ್ಕೆ ಕನ್ನಡದಲ್ಲಿ 'ಜ್ವರಗಡ್ಡೆ' ಎಂಬ ಹಳೆಯ ಹೆಸರೇ ಇದೆ. ಒಂದು ಊರಿನ ಎಷ್ಟು ಮಕ್ಕಳಲ್ಲಿ ಗುಲ್ಮ ಊದಿದೆ ಎಂದು ಎಣಿಸಿ ಅಲ್ಲಿನ ಮಲೇರಿಯಾ ಹಾವಳಿಯನ್ನು ಅಳೆಯುವ ಪದ್ಧತಿ 19ನೇ ಶತಮಾನದ ಮಧ್ಯಭಾಗದಲ್ಲಿ ಭಾರತದಲ್ಲಿಯೇ ಆರಂಭವಾಯಿತು.

ಕುಡಗೋಲು ಕಣ ರೋಗದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ರಕ್ತನಾಳಗಳು ಮತ್ತೆ ಮತ್ತೆ ಕಟ್ಟಿಕೊಂಡು, ಅನೇಕರಲ್ಲಿ ಗುಲ್ಮವು ಬಾಲ್ಯದಲ್ಲಿಯೇ ಕುಗ್ಗಿ ನಿಷ್ಕ್ರಿಯವಾಗುತ್ತದೆ.

ಪೆಟ್ಟು ಬಿದ್ದಾಗ

ದ್ವಿಚಕ್ರ ವಾಹನದಿಂದ ಬಿದ್ದಾಗ ಅಥವಾ ಎಡಪಕ್ಕೆಗೆ ಬಲವಾದ ಏಟು ತಗುಲಿದಾಗ ಗುಲ್ಮ ಸೀಳಬಹುದು. ಮೇಲ್ನೋಟಕ್ಕೆ ಗಾಯವಿಲ್ಲದಿದ್ದರೂ ಹೊಟ್ಟೆಯೊಳಗೆ ರಕ್ತಸ್ರಾವ ನಡೆಯುತ್ತಿರಬಹುದು. ಹೊಟ್ಟೆನೋವು, ಎಡ ಭುಜದಲ್ಲಿ ನೋವು, ತಲೆಸುತ್ತು, ತಣ್ಣನೆಯ ಬೆವರು ಇದರ ಲಕ್ಷಣಗಳು. ಕೆಲವೊಮ್ಮೆ ಇವು ದಿನಗಳ ನಂತರ ಕಾಣಿಸಿಕೊಳ್ಳುವುದುಂಟು. ಹಿಂದೆ ಸೀಳಿದ ಗುಲ್ಮವನ್ನು ತೆಗೆದುಹಾಕುವುದೇ ವಾಡಿಕೆಯಾಗಿತ್ತು. ಈಗ ರಕ್ತದೊತ್ತಡ ಸ್ಥಿರವಾಗಿದ್ದರೆ ರೋಗಿಯನ್ನು ಆಸ್ಪತ್ರೆಯಲ್ಲಿಟ್ಟು, ಸ್ಕ್ಯಾನ್ ಆಧಾರದಲ್ಲಿ ನಿಗಾ ವಹಿಸಿ, ಗುಲ್ಮವನ್ನು ಉಳಿಸಿಕೊಳ್ಳಲು ಯತ್ನಿಸಲಾಗುತ್ತದೆ.

ಈ ಬದಲಾವಣೆಗೆ ನಾಂದಿ ಹಾಡಿದ್ದು 1952ರ ಒಂದು ವರದಿ. ಗುಲ್ಮ ತೆಗೆಯಲಾದ ಐದು ಶಿಶುಗಳಲ್ಲಿ ತೀವ್ರ ಸೋಂಕು ಕಾಣಿಸಿಕೊಂಡುದನ್ನು ಅಮೆರಿಕದ ವೈದ್ಯರಾದ ಕಿಂಗ್ ಮತ್ತು ಶುಮೇಕರ್ ಅದರಲ್ಲಿ ದಾಖಲಿಸಿದರು.

ಗುಲ್ಮವಿಲ್ಲದವರು ಗಮನಿಸಬೇಕಾದುದು

ಇಂತಹ ಸೋಂಕು ಅಪರೂಪ. ಆದರೆ ಬಂದರೆ ಚಿಕಿತ್ಸೆ ಪಡೆದವರಲ್ಲಿಯೂ ಅರ್ಧದಷ್ಟು ಮಂದಿ ಸಾಯಬಹುದು. ಮೊದಲ ಎರಡು ಮೂರು ವರ್ಷ ಅಪಾಯ ಹೆಚ್ಚು. ಆದರೂ ಜೀವನವಿಡೀ ಅದು ಪೂರ್ಣವಾಗಿ ತೊಲಗದು.

* ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಮತ್ತು ಫ್ಲೂ ಲಸಿಕೆಗಳು ಅಗತ್ಯ. ಪೂರ್ವನಿಗದಿತ ಶಸ್ತ್ರಚಿಕಿತ್ಸೆಯಾದರೆ ಕನಿಷ್ಠ ಎರಡು ವಾರ ಮೊದಲೇ ಲಸಿಕೆ ಪಡೆಯುವುದು ಉತ್ತಮ. ಕೆಲವು ಲಸಿಕೆಗಳನ್ನು ನಂತರವೂ ಪುನರಾವರ್ತಿಸಬೇಕು.
* ಜ್ವರ ಅಥವಾ ಚಳಿನಡುಕ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.
* ನಾಯಿ ಕಚ್ಚಿದರೆ ರೇಬಿಸ್ ಲಸಿಕೆಯ ಜೊತೆಗೆ ಆ್ಯಂಟಿಬಯಾಟಿಕ್ ಕೂಡ ಬೇಕಾಗುತ್ತದೆ.
* ಮಲೇರಿಯಾ ಇವರಲ್ಲಿ ತೀವ್ರವಾಗಬಹುದು. ಸೊಳ್ಳೆಗಳಿಂದ ರಕ್ಷಣೆ ಮುಖ್ಯ.
* ಗುಲ್ಮವಿಲ್ಲ ಎಂಬ ಬರಹವುಳ್ಳ ಚೀಟಿ ಸದಾ ಜೇಬಿನಲ್ಲಿರಲಿ.

ವರ್ಷಗಳ ಹಿಂದೆ ಅಪಘಾತದಲ್ಲಿ ಗುಲ್ಮ ಕಳೆದುಕೊಂಡವರು ಕಾಲಕ್ರಮೇಣ ಅದನ್ನು ಮರೆತೇಬಿಡುವುದುಂಟು. ಯಾವುದೇ ಕಾಯಿಲೆಗೆ ವೈದ್ಯರನ್ನು ಕಂಡಾಗಲೂ ಅವರು ಮೊದಲು ತಿಳಿಸಬೇಕಾದ ವಿಷಯ ಇದು.